ನಡುರಾತ್ರಿಯ ನೀರಗಂಟಿಗಳು

ಹೆಣ್ಣು ನೋಡಲು ಹೋಗಿದ್ದ ಮನೆ. 2009ರ ಮಾತು. ಉಪ್ಪಿಟ್ಟು, ಕೇಸರಿಬಾತು ಮುಗಿದು ಕಾಫಿ ಲೋಟ ಕೈಗೆ ಬಂದಾಗ ಹುಡುಗಿಯ ಅಣ್ಣ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದ: "ನೀವು ಡೆವಲಪ್‌ಮೆಂಟಾ, ಸಪೋರ್ಟಾ?" ಅವನೂ ಸಾಫ್ಟ್‌ವೇರಿನವನೇ, ಪ್ರಶ್ನೆಯ ತೂಕ ಬಲ್ಲವನು. ಸಂಬಳ ಎಷ್ಟು, ಸೈಟು ಇದೆಯಾ, ಆನ್‌ಸೈಟ್ ಕಳಿಸ್ತಾರಾ ಎಂಬುದನ್ನೆಲ್ಲ ಹಿರಿಯರು ಆಗಲೇ ವಿಚಾರಿಸಿ ಮುಗಿಸಿದ್ದರು. ನಾನು "ಸಪೋರ್ಟ್" ಎಂದೆ. "ಓ, ಹಾಗಾ" ಎಂದವನು ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ತಳ್ಳಿಕೊಂಡು ಹೋದ. ಆ ಸಂಬಂಧ ಕೂಡಿಬರಲಿಲ್ಲ.

ಹೊರಗಿನವರಿಗೆ ಈ ಎರಡು ಪದಗಳ ನಡುವಿನ ಕಂದಕ ಕಾಣುವುದಿಲ್ಲ. ಹೊಸ ಸಾಫ್ಟ್‌ವೇರ್ ಕಟ್ಟುವವರು ಡೆವಲಪ್‌ಮೆಂಟಿನವರು. ಕಟ್ಟಿದ್ದು ನಿಂತುಹೋಗದಂತೆ, ನಿಂತರೆ ಬೆಳಗಾಗುವುದರೊಳಗೆ ಮತ್ತೆ ಓಡುವಂತೆ ನೋಡಿಕೊಳ್ಳುವವರು ಸಪೋರ್ಟಿನವರು. ಕಾಲೇಜಿನಿಂದ ನೇರ ಬಂದ ಹುಡುಗರಿಗೆ ಟ್ರೇನಿಂಗ್ ಮುಗಿದ ಮೇಲೆ ಪ್ರಾಜೆಕ್ಟ್ ಹಂಚುತ್ತಾರೆ. ಸಪೋರ್ಟ್ ಸಿಕ್ಕಿದವರು ಕ್ಯಾಂಟೀನಿನ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಹಾಗೆ ಕೂತಿದ್ದವರಲ್ಲಿ ನಾನೂ ಒಬ್ಬ.

ತಮಾಷೆಯೆಂದರೆ, ಬೆಂಗಳೂರಿನಲ್ಲಿ ಈ ಧಂದೆ ಚಿಗುರಿ ಮರವಾಗಿದ್ದೇ ರಿಪೇರಿ ಕೆಲಸದ ನೀರು ಕುಡಿದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿಗೆ ಬಂತು ಎಂಬ ಕಥೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಸಾವಿರಾರು ಹುಡುಗರಿಗೆ ಅನ್ನ ಕೊಟ್ಟದ್ದು ಮಾತ್ರ ವೈಟೂಕೆ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ಪ್ರೋಗ್ರಾಮು ಬರೆದವರು ಇಸವಿಗೆ ಎರಡೇ ಅಂಕಿ ಇಟ್ಟಿದ್ದರು. 1975 ಎಂದರೆ 75. ಎರಡು ಸಾವಿರದ ಇಸವಿ ಬಂದರೆ ಯಂತ್ರ ಅದನ್ನು 00 ಎಂದು ಓದಿ 1900ಕ್ಕೆ ಹಿಂದಿರುಗುತ್ತದೆ. ಬಡ್ಡಿ, ಪಿಂಚಣಿ, ವಿಮೆಯ ಲೆಕ್ಕವೆಲ್ಲ ತಲೆಕೆಳಗು. ಯಾರೋ ಕೂತು, 1959ರಲ್ಲಿ ಹುಟ್ಟಿದ ಕೋಬಾಲ್ ಭಾಷೆಯ ಲಕ್ಷಾಂತರ ಸಾಲುಗಳನ್ನು ಒಂದೊಂದಾಗಿ ಓದಿ ಸರಿಪಡಿಸಬೇಕಿತ್ತು. ಅಮೆರಿಕದವರಿಗೆ ಬೇಸರದ ಕೆಲಸ, ನಮ್ಮವರಿಗೆ ಚಿನ್ನದ ಗಣಿ. 2000ದ ಜನವರಿ 1ರಂದು ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆಗದಿದ್ದುದನ್ನು ಕಂಡ ಜನ "ಇಷ್ಟಕ್ಕೇ ಅಷ್ಟೊಂದು ಗಲಾಟೆನಾ?" ಎಂದರು. ಸಪೋರ್ಟಿನವನ ಹಣೆಬರಹವೇ ಅದು. ಅವನು ಕೆಲಸ ಸರಿಯಾಗಿ ಮಾಡಿದ್ದಕ್ಕೆ ಗುರುತು ಏನೆಂದರೆ, ಏನೂ ಆಗಿರುವುದಿಲ್ಲ.

ಈ ಕೆಲಸದ ಒಳಗನ್ನು ತೋರಿಸಲು ಒಂದು ಟಿಕೆಟ್ಟಿನ ಕಥೆ ಹೇಳುತ್ತೇನೆ. ಟಿಕೆಟ್ ಎಂದರೆ ದೂರಿನ ಚೀಟಿ. ಅದಕ್ಕೊಂದು ನಂಬರು, ಒಂದು ಪ್ರಯಾರಿಟಿ. ಒಂದು ಸಹಕಾರಿ ಸಂಸ್ಥೆಗೆ ರಸೀದಿ ಮುದ್ರಿಸುವ ಸಾಫ್ಟ್‌ವೇರನ್ನು ನಮ್ಮ ತಂಡ ನೋಡಿಕೊಳ್ಳುತ್ತಿತ್ತು. ಇಂಗ್ಲಿಷಿನಲ್ಲಿ ಬರುತ್ತಿದ್ದ ರಸೀದಿ ಕನ್ನಡದಲ್ಲೂ ಬರುವಂತೆ ಯಾರೋ ಮಾಡಿದ್ದರು. ಮಾಡಿ, ಫೋಟೊ ತೆಗೆಸಿಕೊಂಡು, ಬೇರೆ ಕಂಪನಿಗೆ ಹೋಗಿದ್ದರು. ದೂರು ಏನಪ್ಪಾ ಎಂದರೆ, ಲಕ್ಷ್ಮಮ್ಮ ಎಂಬ ಹೆಸರಿನ ಸದಸ್ಯೆಯರಿಗೆಲ್ಲ ರಸೀದಿಯಲ್ಲಿ "ಲಕ್ಷ್ಮ" ಎಂದು ಬಂದು, ಪಕ್ಕದಲ್ಲೊಂದು ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿತ್ತು. ನಮ್ಮ ಸೀಮೆಯಲ್ಲಿ ಲಕ್ಷ್ಮಮ್ಮ ಇಲ್ಲದ ಬೀದಿ ಇದೆಯೇ? ಆದರೂ ಆ ಟಿಕೆಟ್ ಆರು ವರ್ಷ ಹಾಗೇ ಬಿದ್ದಿತ್ತು. ಪ್ರಯಾರಿಟಿ ಲೋ.

ಕಾರಣ ಹುಡುಕಿದರೆ ನಗು ಬರುವಷ್ಟು ಸರಳ. ಹೆಸರು ಇಡುವ ಜಾಗಕ್ಕೆ 20 ಬೈಟ್ ಮಿತಿ ಹಾಕಿದ್ದರು. ಇಂಗ್ಲಿಷಿನಲ್ಲಿ ಬರೆದ ಲಕ್ಷ್ಮಮ್ಮನಿಗೆ ಹತ್ತು ಅಕ್ಷರ, ಹತ್ತೇ ಬೈಟ್. ಕನ್ನಡದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ: ಲ, ಕ್ಷ್ಮ, ಮ್ಮ. ಯಂತ್ರಕ್ಕೆ ಅದು ಒಂಬತ್ತು ಬಿಡಿ ತುಂಡು. ಲ, ಕ, ಒತ್ತಕ್ಷರ ಮೂಡಿಸುವ ಒಂದು ವಿರಾಮ ಚಿಹ್ನೆ, ಷ, ಇನ್ನೊಂದು ವಿರಾಮ, ಮ, ಮತ್ತೊಂದು ಮ, ಮತ್ತೆ ವಿರಾಮ, ಕೊನೆಯ ಮ. ಒಂದೊಂದು ತುಂಡಿಗೂ ಮೂರು ಬೈಟ್, ಒಟ್ಟು 27. ಇಪ್ಪತ್ತಕ್ಕೆ ಕತ್ತರಿ ಬಿದ್ದರೆ ಮೊದಲ ಆರು ತುಂಡು ಉಳಿದು, ಏಳನೆಯದರ ಮೂರರಲ್ಲಿ ಎರಡೇ ಬೈಟ್ ಒಳಗೆ ಬರುತ್ತದೆ. ಅರ್ಧ ಕತ್ತರಿಸಿದ ಆ ಅಕ್ಷರವನ್ನು ಏನೆಂದು ಓದಬೇಕೋ ತಿಳಿಯದೆ ಪ್ರಿಂಟರು ಪ್ರಶ್ನೆ ಹಾಕುತ್ತಿತ್ತು. ಸರಿಪಡಿಸಲು ನನಗೆ ಬೇಕಾದದ್ದು ಒಂದು ಮಧ್ಯಾಹ್ನ. ಹಳೆಯ ಡೇಟಾಬೇಸ್ ಮುಟ್ಟಲು ಅನುಮತಿ ಪಡೆಯುವುದಕ್ಕೆ ಮೂರು ವಾರ. ಆ ವರ್ಷದ ಅಪ್ರೈಸಲ್‌ನಲ್ಲಿ ಇದನ್ನು ಬರೆದಾಗ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: "ಇದರಿಂದ ಬಿಸಿನೆಸ್ ಇಂಪ್ಯಾಕ್ಟ್ ಏನು?" ಲಕ್ಷ್ಮಮ್ಮನಿಗೆ ಅವಳ ಹೆಸರು ಪೂರ್ತಿ ಸಿಕ್ಕಿತು ಎಂಬುದು ಯಾವ ಕಾಲಮ್ಮಿಗೂ ಹೊಂದುವ ಉತ್ತರವಲ್ಲ.

ಕನ್ನಡದ ಮಟ್ಟಿಗೆ ಇಂಥ ಹೂಳು ಎಲ್ಲ ಕಡೆ ತುಂಬಿದೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಅಳವಡಿಸಿಕೊಂಡ 'ನುಡಿ' ಸರ್ಕಾರಿ ಕಚೇರಿಗಳನ್ನು ತುಂಬಿತು. ಕನ್ನಡ ಕಂಪ್ಯೂಟರಿಗೆ ಬಂದದ್ದು ಇವರಿಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಕುರ್ಚಿಯಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕೊಂಬು ಕೋಡು ಮೂಡಿದ ರೋಮನ್ ಅಕ್ಷರಗಳ ಸಂತೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಹಳೆಯ ಕಡತಗಳ ರಾಶಿ ಇನ್ನೂ ಕರಗಿಲ್ಲ. ಅವನ್ನು ಯೂನಿಕೋಡಿಗೆ ತಿರುಗಿಸುವ ಪುಟ್ಟ ಪರಿವರ್ತಕಗಳನ್ನು ಬಿಡುವಿನ ವೇಳೆಯಲ್ಲಿ ಬರೆದು ಪುಕ್ಕಟೆ ಹಂಚಿದ ಹುಡುಗರಿದ್ದಾರೆ. ದಿನವೂ ಅವನ್ನು ಬಳಸುವ ಗುಮಾಸ್ತರಿಗೆ ಅವರ ಹೆಸರು ಗೊತ್ತಿಲ್ಲ. ಹಾಗೆಯೇ, 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಹೊಸ ಲೇಖನ ಬರೆದವರಿಗೆ ಒಂದಿಷ್ಟು ಹೊಗಳಿಕೆಯಾದರೂ ಸಿಗುತ್ತದೆ. ಕಿಡಿಗೇಡಿಗಳು ಗೀಚಿದ್ದನ್ನು ರಾತ್ರಿ ಕೂತು ಅಳಿಸುವವರನ್ನು ಕೇಳುವವರೇ ಇಲ್ಲ.

ನನ್ನ ಊರು ಕೋಲಾರದ ಕಡೆ. ನಮ್ಮದು ನೀರಗಂಟಿಗಳ ಮನೆ. ಕೆರೆಯ ತೂಬು ಎತ್ತಿ ಇಳಿಸುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಓಡಾಡಿ ಎಲ್ಲಿ ಒಸರುತ್ತಿದೆ ಎಂದು ನೋಡುವುದು ತಾತನಿಗೂ ಆಮೇಲೆ ದೊಡ್ಡಪ್ಪನಿಗೂ ಬಂದ ಕೆಲಸ. ಈಗ ಕೆಲವರು ನೀರಗಂಟಿಯ ಬಗ್ಗೆ ಸೆಮಿನಾರುಗಳಲ್ಲಿ ಕಣ್ಣರಳಿಸಿ ಮಾತಾಡುತ್ತಾರೆ. ನನಗೆ ಆ ಮೋಹವಿಲ್ಲ. ಅದು ಜಾತಿಯಿಂದ ಬಂದ ಕೆಲಸ, ಬೇಡ ಎನ್ನುವ ಹಕ್ಕು ಇರಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು, ಎಲ್ಲರದ್ದೂ ಆದ ಮೇಲೆ ಮೊರದಲ್ಲಿ ಹಾಕಿದ ಕಾಳನ್ನು ಸೆರಗೊಡ್ಡಿ ತರಬೇಕಿತ್ತು. ಆದರೂ ಕಾಳು ಬರುತ್ತಿತ್ತು. ಎಕರೆಗೆ ಇಷ್ಟು ಎಂದು ಲೆಕ್ಕವಿತ್ತು.

2021ರಲ್ಲಿ ನಾನು ಊರಿನಿಂದಲೇ ಕೆಲಸ ಮಾಡುತ್ತಿದ್ದೆ. ಆ ನವೆಂಬರಿನಲ್ಲಿ ಕೋಲಾರ ಜಿಲ್ಲೆ ಕಂಡು ಕೇಳದಷ್ಟು ಮಳೆ ಸುರಿಯಿತು. ಕಟಾವಿಗೆ ಬಂದ ರಾಗಿ ನೀರಲ್ಲಿ ಮಲಗಿತು, ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಎಪ್ಪತ್ತು ದಾಟಿದ ದೊಡ್ಡಪ್ಪ ಟಾರ್ಚು, ಗೋಣಿಕೊಪ್ಪೆ ತೆಗೆದುಕೊಂಡು ಏರಿಗೆ ಹೊರಟ. ಜೊತೆಗೆ ನಾನೂ ಹೋದೆ. ಏರಿಯ ಹಿಂಬದಿಯ ಇಳಿಜಾರಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಧಾನ ನಡೆಯುತ್ತಿದ್ದ. ಕಣ್ಣಿಗಿಂತ ಪಾದಕ್ಕೆ ಮೊದಲು ಗೊತ್ತಾಗುತ್ತದಂತೆ. ಮಳೆಯ ನೀರಾದರೆ ತಣ್ಣಗೆ ಮೇಲಿಂದ ಹರಿದುಹೋಗುತ್ತದೆ. ಒಳಗಿಂದ ಒಸರಿದ ಜಾಗ ಮೆತ್ತಗಿರುತ್ತದೆ. ಒಂದು ಕಡೆ ನಿಂತು ಟಾರ್ಚನ್ನು ನೆಲಕ್ಕೆ ಹಿಡಿದು ನೋಡಿ, "ತಿಳಿ ನೀರು, ಭಯ ಇಲ್ಲ. ಕೆಂಪಾದ್ರೆ ಮಣ್ಣು ಕಿತ್ಕೊಂಡು ಬರ್ತಾ ಐತೆ ಅಂತ" ಎಂದ. ಆ ರಾತ್ರಿ ನನ್ನ ಜೇಬಿನಲ್ಲಿದ್ದ, ಸರ್ವರು ಕೆಟ್ಟರೆ ಎಬ್ಬಿಸುವ ಆನ್-ಕಾಲ್ ಫೋನು ಎರಡು ಸಲ ಬಡಿದುಕೊಂಡಿತು. ಎರಡೂ ಸುಳ್ಳು ಅಲರ್ಟು. ಸರ್ವರಿನ ನೂರು ಗ್ರಾಫುಗಳಲ್ಲಿ ಯಾವುದು ತಿಳಿ ನೀರು, ಯಾವುದು ಕೆಂಪು ನೀರು ಎಂದು ಹೇಳಬಲ್ಲವರು ನಮ್ಮ ತಂಡದಲ್ಲಿ ಇಬ್ಬರೇ ಇದ್ದೆವು.

ಕೆಂಪು ನೀರು ಬಂದದ್ದು ಡಿಸೆಂಬರ್ 10ರ ಶುಕ್ರವಾರ. ಲಾಗ್4ಜೆ ಎಂಬ ಹೆಸರು ಅಲ್ಲಿಯವರೆಗೆ ನಮ್ಮ ಎಷ್ಟೋ ಮ್ಯಾನೇಜರುಗಳು ಕೇಳಿಯೇ ಇರಲಿಲ್ಲ. ಜಾವಾದಲ್ಲಿ ಬರೆದ ಪ್ರೋಗ್ರಾಮುಗಳು ತಾವು ಏನೇನು ಮಾಡಿದೆವು ಎಂದು ದಿನಚರಿ ಬರೆದಿಡಲು ಬಳಸುವ ಒಂದು ಪುಕ್ಕಟೆ ಕೋಡ್ ಅದು. ದಿನಚರಿಯಲ್ಲಿ ಬರೆಯಲು ಕೊಟ್ಟ ಸಾಲನ್ನು ಅದು ಸುಮ್ಮನೆ ಬರೆಯುತ್ತಿರಲಿಲ್ಲ. ಕೆಲವು ಬಗೆಯ ಸಾಲು ಕಂಡರೆ ಅದರಲ್ಲಿದ್ದ ವಿಳಾಸಕ್ಕೆ ಹೋಗಿ, ಅಲ್ಲಿಂದ ಕೋಡ್ ತಂದು ನಡೆಸಿಬಿಡುತ್ತಿತ್ತು. ಹೀಗಾಗಿ ಹೊರಗಿನ ಯಾರೋ ಒಂದು ಚಾಟ್ ಪೆಟ್ಟಿಗೆಯಲ್ಲಿ ಒಂದು ಸಾಲು ಟೈಪಿಸಿದರೆ ಸಾಕು, ಮನೆಯ ಬೀಗ ತೆಗೆದಂತೆ. ಮೈನ್‌ಕ್ರಾಫ್ಟ್ ಆಟದ ಸರ್ವರುಗಳನ್ನು ಹೀಗೆಯೇ ಒಡೆದರು. ಬ್ಯಾಂಕಿನಿಂದ ಆಟದವರೆಗೆ ಎಲ್ಲ ಕಡೆ ಅದು ಇತ್ತು, ಎಲ್ಲೆಲ್ಲಿ ಎಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಆ ವಾರಾಂತ್ಯ ನಾನು ಮಾಳಿಗೆ ಇಳಿಯಲಿಲ್ಲ, ನೆಟ್‌ವರ್ಕು ಅಲ್ಲೊಂದೇ ಕಡೆ ಸಿಗುತ್ತಿದ್ದುದು. ಪ್ಯಾಚು ಹಾಕಿದೆವು. ಮುಂದಿನ ವಾರ ಅದರಲ್ಲೂ ತೂತು ಎಂದು ಸುದ್ದಿ ಬಂತು, ಮತ್ತೆ ಹಾಕಿದೆವು.

ಆ ಮೊದಲ ಭಾನುವಾರ ಸಂಜೆ ದೊಡ್ಡಪ್ಪ ಏಣಿ ಹತ್ತಿ ಮೇಲೆ ಬಂದು ಕೂತ. "ಮೂರು ದಿವ್ಸದಿಂದ ನೋಡ್ತಾ ಇದೀನಿ, ಅನ್ನ ನೀರು ಬಿಟ್ಟು ಏನಪ್ಪಾ ನಿಂದು?" ನನಗೆ ತಿಳಿದಂತೆ ಬಿಡಿಸಿ ಹೇಳಿದೆ. ಲೋಕಕ್ಕೆಲ್ಲ ಒಂದೇ ಕೆರೆ, ಅದರ ತೂಬು ಸಡಿಲ ಎಂದೆ.

"ಆ ತೂಬು ಯಾರ್ದು?"

"ಯಾರದ್ದೂ ಅಲ್ಲ ದೊಡ್ಡಪ್ಪ. ನಾಲ್ಕಾರು ಜನ ತಮ್ಮ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ನೋಡ್ಕೊಳ್ತಾರೆ. ಸಂಬಳ ಇಲ್ಲ."

ಅವನು ಬೀಡಿ ಹಚ್ಚಿದವನು ಅದನ್ನು ಹಾಗೇ ಹಿಡಿದುಕೊಂಡ. "ಸುಗ್ಗೀಲಿ ಕಾಳಾದ್ರೂ ಕೊಡಲ್ವಾ ಅವ್ರಿಗೆ?"

ಈ ಪ್ರಶ್ನೆಗೆ ನನ್ನ ಬಳಿ ಈಗಲೂ ಉತ್ತರವಿಲ್ಲ. ಇಂಟರ್‌ನೆಟ್ಟಿನಲ್ಲಿ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಕೋಡ್ ಇದೆ. 2014ರ ಏಪ್ರಿಲ್‌ನಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಸಿಕ್ಕಿತು. ಎರಡು ವರ್ಷದಿಂದ ಅದು ಅಲ್ಲೇ ಇತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೆಲ್ಲ ನೆಚ್ಚಿಕೊಂಡಿದ್ದ ಆ ಕೋಡಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಾವಧಿ ನೋಡಿಕೊಳ್ಳುತ್ತಿದ್ದವನು ಒಬ್ಬನೇ ಎಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು. ಏರಿ ಒಡೆದ ಮೇಲೆ ಲಿನಕ್ಸ್ ಫೌಂಡೇಶನ್ ಮುಂದೆ ನಿಂತು ಕಂಪನಿಗಳಿಂದ ಕಾಳು ಸೇರಿಸಿತು.

ಅದಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು 2024ರ ಮಾರ್ಚಿನ ಎಕ್ಸ್‌ಝಡ್ ಪ್ರಕರಣ. ಕಡತಗಳನ್ನು ಅದುಮಿ ಚಿಕ್ಕದು ಮಾಡುವ ಒಂದು ಸಾಧಾರಣ ಕೋಡ್. ನೋಡಿಕೊಳ್ಳುತ್ತಿದ್ದವನು ಒಬ್ಬನೇ, ಸಂಬಳವಿಲ್ಲ, ಬಳಲಿದ್ದ. "ಬೇಗ ಮಾಡು, ಆಗದಿದ್ದರೆ ಬೇರೆಯವರಿಗೆ ಬಿಡು" ಎಂದು ಅಪರಿಚಿತರು ಅವನನ್ನು ಕಾಡತೊಡಗಿದರು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬ ವಿನಯದಿಂದ ಬಂದು ಸಹಾಯಕ್ಕೆ ನಿಂತ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಬೀಗದ ಕೈ ಸಿಕ್ಕ ಮೇಲೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರೇನೋ ಅಳೆಯುತ್ತಿದ್ದಾಗ, ಸರ್ವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಅವನಿಗೆ ಅನುಮಾನ ಬಂತು. ಅರ್ಧ ಸೆಕೆಂಡ್! ಅದರ ಬೆನ್ನು ಹತ್ತಿ ಹೋಗಿ ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದ. ಬರಿಗಾಲಲ್ಲಿ ಏರಿ ನಡೆಯುವವನೊಬ್ಬ ಅಲ್ಲೂ ಇದ್ದ ಎಂದುಕೊಂಡೆ. ಅಂದು ಅವನ ಕಾಲಿಗೆ ಚಪ್ಪಲಿ ಇದ್ದಿದ್ದರೆ?

ನೋಡಿಕೊಳ್ಳುವವರ ನೆನಪು ಕಂಪನಿಗಳಿಗೆ ಬರುವುದು ಒಡೆದ ದಿನ ಮಾತ್ರ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಬಹಳಷ್ಟು ಯಂತ್ರಗಳಿಗೆ ಮದ್ದು ಏನಾಗಿತ್ತು ಗೊತ್ತೇ? ಒಬ್ಬ ಮನುಷ್ಯ ಯಂತ್ರದ ಮುಂದೆ ಕೂತು, ಸೇಫ್ ಮೋಡಿನಲ್ಲಿ ತೆರೆದು, ಒಂದು ಕಡತ ಅಳಿಸಿ, ಮುಂದಿನ ಯಂತ್ರಕ್ಕೆ ಹೋಗುವುದು.

ನಾವು ಕೂತು ಕೆಲಸ ಮಾಡುವ ಜಾಗದ ಕಥೆಯೂ ಬೇರೆಯಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿತು. ತಲೆಗೆ 50 ರೂಪಾಯಿ ಕೊಟ್ಟು ಟ್ರ್ಯಾಕ್ಟರ್ ಹತ್ತಿ, ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗವಚಿಕೊಂಡು ಆಫೀಸಿಗೆ ಹೋದ ಜನರನ್ನು ಟೀವಿಯಲ್ಲಿ ನೋಡಿದಿರಿ. ಅದಕ್ಕೆ ಕೆಲವೇ ದಿನ ಮೊದಲು ಆ ರಸ್ತೆಯ ಕಂಪನಿಗಳ ಸಂಘ, ಒಂದು ದಿನದ ಮಳೆಯಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಸರ್ಕಾರಕ್ಕೆ ಪತ್ರ ಬರೆದಿತ್ತು. ಆ ನೀರು ಬೇರೆಲ್ಲಿಂದಲೂ ಬಂದದ್ದಲ್ಲ. ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ಹೋಗುತ್ತಿದ್ದ ರಾಜಕಾಲುವೆ ಮುಚ್ಚಿಹೋದರೆ ನೀರು ಗಾಜಿನ ಕಟ್ಟಡದ ಬೇಸ್‌ಮೆಂಟ್ ಹುಡುಕಿಕೊಳ್ಳುತ್ತದೆ. ಟೆಕ್ ಪಾರ್ಕಿನ ಬ್ರೋಷರಿನಲ್ಲಿ ಜಿಮ್ಮಿನ ಚಿತ್ರವಿರುತ್ತದೆ, ಫುಡ್ ಕೋರ್ಟಿನದೂ ಇರುತ್ತದೆ. ಕಾಲುವೆಯದು ಇರುವುದಿಲ್ಲ.

ಇದಕ್ಕೊಂದು ಬಾಲವಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳಿಗೆ ಜೀವ ಬರಲೆಂದು. ಅದು ಅಂತರ್ಜಲಕ್ಕೆ ಇಳಿಯಬೇಕಾದ ನೀರು, ನೇರ ಗದ್ದೆಗೆ ಬಿಡುವಂತಿಲ್ಲ. ಹಾಗಾಗಿ ತೂಬು ಮುಚ್ಚಿದ್ದು ಮುಚ್ಚಿಯೇ ಇದೆ, ದೊಡ್ಡಪ್ಪನಿಗೆ ಎತ್ತುವ ಕೆಲಸವಿಲ್ಲ. ನಾನು ಆಫೀಸಿನಲ್ಲಿ ಕೈ ತೊಳೆದ ನೀರು ನನಗಿಂತ ಮೊದಲು ಊರು ಸೇರುತ್ತದೆ ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಿರುತ್ತಾರೆ. ವಾಸನೆಯ ಬಗ್ಗೆ ಮಾಡುವ ಹಾಸ್ಯವನ್ನು ಇಲ್ಲಿ ಬರೆಯುವಂತಿಲ್ಲ.

ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಹೇಳಿದಾಗ ಎಲ್ಲರೂ ಗಂಟೆ ಎಣಿಸತೊಡಗಿದರು. ಮರುವರ್ಷ ಜುಲೈನಲ್ಲಿ ದಿನಕ್ಕೆ 14 ಗಂಟೆಯ ಪ್ರಸ್ತಾವವೇ ಬಂತು, ನೌಕರರ ಸಂಘ ಬೀದಿಗಿಳಿಯಿತು. ನನ್ನ ತಕರಾರು ಗಂಟೆಯ ಲೆಕ್ಕದ್ದಲ್ಲ. ಆನ್-ಕಾಲ್ ವಾರದಲ್ಲಿ ಫೋನು ಬಡಿಯದ ರಾತ್ರಿಯೂ ನಾನು ಪೂರ್ತಿ ಮಲಗಿರುವುದಿಲ್ಲ. ಮಗಳ ಶಾಲೆಯ ನಾಟಕದಲ್ಲಿ ಬಾಗಿಲ ಪಕ್ಕದ ಸೀಟು ಹುಡುಕುತ್ತೇನೆ. ಸಿನಿಮಾಕ್ಕೆ ಹೋದರೆ ಲ್ಯಾಪ್‌ಟಾಪು ಕಾರಿನಲ್ಲಿರುತ್ತದೆ. ಅದನ್ನು ಯಾವ ಟೈಮ್‌ಶೀಟಿನಲ್ಲಿ ತುಂಬಲಿ? ದೊಡ್ಡಪ್ಪ ಮಳೆಗಾಲದಲ್ಲಿ ನೆಂಟರ ಊರಿಗೆ ಹೋದದ್ದು ನನಗೆ ನೆನಪಿಲ್ಲ. ನನ್ನದು ವರ್ಷವಿಡೀ ಮಳೆಗಾಲ.

ಲಿಂಕ್ಡ್‌ಇನ್ ತೆರೆದರೆ ಎಲ್ಲರೂ ಏನನ್ನೋ ಘೋಷಿಸಲು ಪುಳಕಗೊಂಡಿರುತ್ತಾರೆ. ಹೊಸ ಪ್ರಾಡಕ್ಟು, ಹೊಸ ಹುದ್ದೆ, ಹೊಸ ಸರ್ಟಿಫಿಕೇಟು. "ಈ ವರ್ಷ ನಮ್ಮ ಸರ್ವರು ಒಂದು ದಿನವೂ ಬೀಳಲಿಲ್ಲ" ಎಂದು ಪುಳಕಗೊಂಡವರನ್ನು ನಾನಿನ್ನೂ ಕಂಡಿಲ್ಲ. ಬರೆದರೆ ಲೈಕು ಒತ್ತುವವರು ಯಾರು, ಹಿಂದಿನ ಆನ್-ಕಾಲ್‌ನವರು ಇಬ್ಬರು.

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಹೊಸದನ್ನು ಕಟ್ಟುವುದು ಇನ್ನೂ ಸಲೀಸಾಗಿದೆ. ನಮ್ಮ ತಂಡದ ಹುಡುಗನೊಬ್ಬ ಒಂದು ವಾರದ ಕೆಲಸವನ್ನು ಊಟದ ಹೊತ್ತಿಗೆ ಎಐನಿಂದ ಬರೆಸಿ ಮುಗಿಸುತ್ತಾನೆ. ನನಗೆ ಅದರ ಮೇಲೆ ಸಿಟ್ಟಿಲ್ಲ, ನಾನೂ ಬಳಸುತ್ತೇನೆ. ಆ ಲಕ್ಷ್ಮಮ್ಮನ ಟಿಕೆಟ್ಟನ್ನು ಈಗ ಅದಕ್ಕೆ ಕೊಟ್ಟಿದ್ದರೆ ಕಾರಣವನ್ನು ನನಗಿಂತ ಬೇಗ ಹೇಳುತ್ತಿತ್ತೇನೋ. ಆದರೆ ಆರು ವರ್ಷ ಬಿದ್ದಿದ್ದ ಟಿಕೆಟ್ಟನ್ನು ತೆರೆದು ನೋಡು ಎಂದು ಅದಕ್ಕೆ ಹೇಳುವವರು ಬೇಕಲ್ಲ. ಬರೆಯುವ ವೇಗ ಹೆಚ್ಚಿದೆ, ಓದುವವರ ಸಂಖ್ಯೆ ಕಡಿಮೆಯಾಗಿದೆ, ರಾತ್ರಿ ಎರಡು ಗಂಟೆಗೆ ಯಾರೂ ಓದದ ಆ ಕೋಡನ್ನು ಮೊದಲ ಬಾರಿ ಓದುವವನು ಆನ್-ಕಾಲ್‌ನಲ್ಲಿರುವವನು.

ಈ ಸಲದ ಅಪ್ರೈಸಲ್ ಫಾರ್ಮಿನಲ್ಲಿ "ಈ ವರ್ಷ ನೀವು ಹೊಸದಾಗಿ ಏನು ಸೃಷ್ಟಿಸಿದಿರಿ" ಎಂಬ ಕಾಲಮ್ ಕಡ್ಡಾಯ ಮಾಡಿದ್ದಾರೆ. ಖಾಲಿ ಬಿಟ್ಟರೆ ಫಾರ್ಮು ಮುಂದೆ ಹೋಗುವುದಿಲ್ಲ. ಬಹಳ ಹೊತ್ತು ಕೂತು ಯೋಚಿಸಿ, ಕನ್ನಡದಲ್ಲೇ "ಏರಿ ಒಡೆದಿಲ್ಲ" ಎಂದು ಬರೆದು ಕಳಿಸಿದೆ. ಮರುದಿನ ಮ್ಯಾನೇಜರ್ ಕರೆದು ಸ್ಕ್ರೀನ್ ತೋರಿಸಿದರು. ಮೂರು ಪ್ರಶ್ನಾರ್ಥಕ, ಒಂದು ಖಾಲಿ ಜಾಗ, ಮತ್ತೆ ಎಂಟು ಪ್ರಶ್ನಾರ್ಥಕ. ಹೊಸ ಸಿಸ್ಟಮ್, ಹೋದ ತಿಂಗಳಷ್ಟೇ ಕೇಕ್ ಕತ್ತರಿಸಿ ಬಿಡುಗಡೆ ಮಾಡಿದ್ದು. ಟಿಕೆಟ್ ಹಾಕಿದ್ದೇನೆ. ಪ್ರಯಾರಿಟಿ ಲೋ ಅಂತ ಬಂದಿದೆ.